ಮುಳ್ಳು ಸುಳ್ಳು ಹೇಳುತ್ತಿದೆಯಾ? ಹಳೆಯ ಮಾರುತಿ 800ರ ಟೆಂಪರೇಚರ್ ಮೀಟರ್ ಮನೆಯಲ್ಲೇ ಪರೀಕ್ಷಿಸುವುದು

ಡಿಸೆಂಬರ್ ಬೆಳಿಗ್ಗೆ, ಹಾಸನದ ಚಳಿ. ಕಾರು ಇನ್ನೂ ಗೇಟು ದಾಟಿರಲಿಲ್ಲ, ಆಗಲೇ ಟೆಂಪರೇಚರ್ ಮುಳ್ಳು ಎಚ್ (ಹಾಟ್, ಅಂದರೆ ಬಿಸಿ) ಮೇಲೆ ಹೋಗಿ ಕೂತಿತ್ತು. ಬಾನೆಟ್ ಎತ್ತಿ ರೇಡಿಯೇಟರ್ ಮುಟ್ಟಿದೆ. ತಣ್ಣಗಿತ್ತು. ಎರಡು ನಿಮಿಷದಲ್ಲಿ ಯಾವ ಎಂಜಿನ್ ಕಾಯುತ್ತದೆ ಹೇಳಿ?

ಅಪ್ಪ ಕೊಂಡ 1997ರ ಮಾರುತಿ 800 ಅದು, ಕಾರ್ಬ್ಯುರೇಟರಿನದು. ಗ್ಯಾರೇಜಿಗೆ ಬಿಟ್ಟೆ. ಮೊದಲು ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ವಾಲ್ವು, ಬದಲಾಯಿಸಿದರು. ಎರಡು ದಿನ ಸರಿ ಇತ್ತು, ಮತ್ತೆ ಅದೇ ಕತೆ. ಆಮೇಲೆ ರೇಡಿಯೇಟರ್ ಬಿಚ್ಚಿ ತೊಳೆಸಿದರು. ಕೊನೆಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಆಗ ಕಾರು ವಾಪಸ್ ತಂದು, ಒಂದು ಭಾನುವಾರ ಪೂರ್ತಿ ಅದರ ಮುಂದೆ ಕೂತೆ. ಸಿಕ್ಕಿದ್ದು ಟೆಂಪರೇಚರ್ ಮೀಟರಿನ ಒಂದು ವೈರು. ಬ್ರಾಕೆಟ್ಟಿನ ಅಂಚಿಗೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಅದರ ಹೊದಿಕೆ ಸವೆದು ಹೋಗಿತ್ತು. ಒಳಗಿನ ತಾಮ್ರ ಅಕ್ಕಿ ಕಾಳಿನಷ್ಟು ಅಗಲ ಕಾಣುತ್ತಿತ್ತು, ಅದರ ಮೇಲೆ ಹಸಿರು ಕಿಲುಬು. ಎಂಜಿನ್ ನಡುಗಿದಾಗ ಆ ತಾಮ್ರ ಬ್ರಾಕೆಟ್ಟಿಗೆ ತಾಗುತ್ತಿತ್ತು, ಮುಳ್ಳು ಎಚ್‌ಗೆ ಏರುತ್ತಿತ್ತು, ಅಷ್ಟೇ. ಟೇಪು ಸುತ್ತಿ, ವೈರನ್ನು ಪಕ್ಕಕ್ಕೆ ಸರಿಸಿ ಕಟ್ಟಿದೆ.

ಆ ಭಾನುವಾರ ನಾನು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಮಾರುತಿ 800 ಅಲ್ಲದಿದ್ದರೂ ಪರವಾಗಿಲ್ಲ, ಓಮ್ನಿ, ಜಿಪ್ಸಿ, ಎಸ್ಟೀಮ್, ಆ ಕಾಲದ ಬಹುತೇಕ ಕಾರುಗಳಲ್ಲಿ ಲೆಕ್ಕ ಒಂದೇ.

ಮೊದಲು ನೀರು ನೋಡಿ

ಮೀಟರೇ ಕೆಟ್ಟಿದೆ ಅಂತ ಮನಸ್ಸಿನಲ್ಲಿ ನಿರ್ಧಾರ ಮಾಡಿಕೊಂಡು ಕೆಲಸಕ್ಕೆ ಇಳಿಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಚಿಕ್ಕಪ್ಪನ ಕಾರಿನಲ್ಲಿ ಆದದ್ದು ಇದಕ್ಕೆ ಪೂರ್ತಿ ಉಲ್ಟಾ. ಅವರ ಕಾರಿನ ಮುಳ್ಳು ಆಗಾಗ ಮೇಲೆ ಹೋಗಿ ಇಳಿಯುತ್ತಿತ್ತು. "ಅದು ಯಾವಾಗಲೂ ಹಾಗೇ ಕಣೋ, ಮೀಟರ್ ಸರಿ ಇಲ್ಲ" ಅನ್ನುತ್ತಿದ್ದರು. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಾ ಮುಳ್ಳು ಜೋರಾಗಿ ಏರಿತು, ಆಮೇಲೆ ತಾನಾಗಿಯೇ ಕೆಳಗೆ ಇಳಿಯಿತು. ಸದ್ಯ ಸರಿಹೋಯಿತು ಅಂತ ಅವರು ಹಾಗೇ ಓಡಿಸಿದರು. ನಿಜಕ್ಕೂ ಆಗಿದ್ದೇನು ಅಂದರೆ ನೀರು ಖಾಲಿಯಾಗಿತ್ತು. ಬಿಸಿ ಅಳೆದು ಮೀಟರಿಗೆ ತಿಳಿಸುವ ಸೆಂಡರ್ ಎಂಬ ಭಾಗ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಸುತ್ತ ಬರೀ ಹಬೆ, ಗಾಳಿ ಇದ್ದರೆ ಎಂಜಿನ್ ಬೆಂದು ಹೋಗುತ್ತಿದ್ದರೂ ಮುಳ್ಳು ತಣ್ಣಗೆ ಕೂತಿರುತ್ತದೆ. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಅಷ್ಟು ಬಿಸಿಗೆ ಡೊಂಕಾಯಿತು. ಆ ರಿಪೇರಿಯ ಖರ್ಚು ನೆನೆದರೆ ಚಿಕ್ಕಮ್ಮ ಈಗಲೂ ಬೇಜಾರಾಗುತ್ತಾರೆ.

ಹಾಗಾಗಿ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಿಸಿ ಇದ್ದಾಗ ಖಂಡಿತ ತೆಗೆಯಬೇಡಿ. ಒಳಗೆ ಒತ್ತಡ ಇರುತ್ತದೆ, ಮುಚ್ಚಳ ಸಡಿಲ ಮಾಡಿದ ಕೂಡಲೇ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕತ್ತಿನ ತನಕ ನೀರು ತುಂಬಿರಬೇಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಇದೆ ಅಂತ ಸಮಾಧಾನ ಪಡಬೇಡಿ, ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ವಾರಕ್ಕೊಮ್ಮೆ ನೀರು ತುಂಬಿಸುವ ಹಾಗೆ ಆಗಿದ್ದರೆ ನಿಮ್ಮ ಸಮಸ್ಯೆ ಮೀಟರ್ ಅಲ್ಲ, ಎಲ್ಲೋ ಸೋರುತ್ತಿದೆ. ಮೊದಲು ಅದನ್ನು ಹುಡುಕಿ.

ಮುಳ್ಳು ಹೇಗೆ ಕೆಲಸ ಮಾಡುತ್ತದೆ

ಇದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಎಂಜಿನ್ನಿನ ನೀರಿಗೆ ತಾಗಿಕೊಂಡಂತೆ ಹೆಬ್ಬೆರಳ ತುದಿಯಷ್ಟು ದಪ್ಪದ ಹಿತ್ತಾಳೆಯ ಒಂದು ಸೆಂಡರ್ ಇರುತ್ತದೆ. ಅದರೊಳಗಿನ ವಸ್ತುವಿನ ಗುಣ ಏನೆಂದರೆ, ಬಿಸಿ ಜಾಸ್ತಿಯಾದಷ್ಟೂ ಕರೆಂಟಿಗೆ ಒಡ್ಡುವ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ಕಡಿಮೆಯಾಗುತ್ತದೆ. ಬ್ಯಾಟರಿಯ ಕರೆಂಟು ಫ್ಯೂಸ್ ದಾಟಿ ಮೀಟರಿಗೆ ಬಂದು, ಅಲ್ಲಿಂದ ಒಂದೇ ಒಂದು ವೈರಿನಲ್ಲಿ ಸೆಂಡರಿಗೆ ಇಳಿದು, ಸೆಂಡರಿನ ಮೈಯಿಂದ ಎಂಜಿನ್ನಿಗೆ ಅರ್ತ್ ಆಗುತ್ತದೆ, ಅಂದರೆ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಸೇರುತ್ತದೆ. ಕರೆಂಟು ಜಾಸ್ತಿ ಹರಿದರೆ ಮುಳ್ಳು ಎಚ್ ಕಡೆಗೆ, ಕಡಿಮೆ ಹರಿದರೆ ಸಿ (ಕೋಲ್ಡ್, ಅಂದರೆ ತಣ್ಣಗೆ) ಕಡೆಗೆ.

ಇದರಿಂದ ತಾನಾಗಿ ಎರಡು ಮಾತು ಹೊರಡುತ್ತವೆ. ವೈರು ತುಂಡಾದರೆ ಮುಳ್ಳು ಸಿ ಬಿಟ್ಟು ಏಳುವುದಿಲ್ಲ. ವೈರು ಕಾರಿನ ಲೋಹದ ಬಾಡಿಗೆ ತಾಗಿದರೆ ಮುಳ್ಳು ಎಚ್‌ಗೆ ಹೋಗಿ ಅಂಟಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಎಂಜಿನ್ ಒಳಗಿರುವುದು ಲೀಟರುಗಟ್ಟಲೆ ನೀರು. ಅಷ್ಟು ನೀರು ಕ್ಷಣದಲ್ಲಿ ಕಾಯುವುದೂ ಇಲ್ಲ, ಆರುವುದೂ ಇಲ್ಲ, ಒಲೆಯ ಮೇಲಿಟ್ಟ ಹಂಡೆ ನೋಡಿದವರಿಗೆ ಗೊತ್ತಿರುತ್ತದೆ. ಗುಂಡಿಗೆ ಬಿದ್ದಾಗ ಮುಳ್ಳು ಏರುವುದು, ಹೆಡ್‌ಲೈಟ್ ಹಾಕಿದಾಗ ಅಲುಗಾಡುವುದು, ಚಾವಿ ತಿರುಗಿಸಿದ ಕೂಡಲೇ ಎಚ್‌ಗೆ ಹೋಗುವುದು, ಇವೆಲ್ಲ ಕರೆಂಟಿನ ತೊಂದರೆ. ಘಾಟಿ ಹತ್ತುವಾಗ, ಟ್ರಾಫಿಕ್ಕಿನಲ್ಲಿ ನಿಂತಾಗ ನಿಧಾನಕ್ಕೆ ಏರಿ, ಓಡುವಾಗ ನಿಧಾನಕ್ಕೆ ಇಳಿದರೆ ಅದು ನಿಜವಾದ ಬಿಸಿ. ಫ್ಯಾನು, ರೇಡಿಯೇಟರ್, ನೀರಿನ ಪಂಪು ನೋಡಿಸಿ. ಇದಕ್ಕೆ ಹೊರತಾದದ್ದು ಒಂದಿದೆ. ನೀರು ಕಡಿಮೆ ಇದ್ದು ಸೆಂಡರಿಗೆ ಒಮ್ಮೆ ನೀರು, ಒಮ್ಮೆ ಹಬೆ ತಾಗುತ್ತಿದ್ದರೆ ಆಗಲೂ ಮುಳ್ಳು ಬೇಗ ಬೇಗ ಮೇಲೆ ಕೆಳಗೆ ಆಡುತ್ತದೆ. ಹೀಟರ್ ಹಾಕಿ ನೋಡಿ, ಎಂಜಿನ್ ಬಿಸಿಯಾಗಿದ್ದೂ ಹೀಟರಿನಲ್ಲಿ ತಣ್ಣನೆ ಗಾಳಿ ಬಂದರೆ ನೀರು ಕಡಿಮೆಯಾಗಿದೆ ಅಂತ ಅನುಮಾನ ಪಡಿ.

ಬೇಕಾದ ಸಾಮಾನು

ರೆಸಿಸ್ಟೆನ್ಸನ್ನು ಓಮ್ ಲೆಕ್ಕದಲ್ಲಿ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್. ಎರಡು ಕಡೆ ಕ್ಲಿಪ್ ಇರುವ ಎರಡು ತುಂಡು ವೈರು. ಡ್ಯಾಶ್‌ಬೋರ್ಡಿಗೆ ಹಾಕುವ 12 ವೋಲ್ಟ್, 3.4 ವ್ಯಾಟಿನ ಪುಟ್ಟ ಬಲ್ಬು. ಸ್ಪ್ಯಾನರ್, ಸ್ಯಾಂಡ್ ಪೇಪರ್. ನೀರು ಕಾಯಿಸಲು ಒಂದು ಹಳೆ ಪಾತ್ರೆ, 100 ಡಿಗ್ರಿ ತನಕ ಅಳೆಯುವ ಥರ್ಮಾಮೀಟರ್. ಕೋವಿಡ್ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ನಡೆಯುವುದಿಲ್ಲ, ಅದು ಜ್ವರದ ಲೆಕ್ಕದ ತನಕ ಮಾತ್ರ ಓದುತ್ತದೆ. ಕಾರ್ಖಾನೆ ಕೆಲಸಕ್ಕೆ ಬಳಸುವ ಇನ್‌ಫ್ರಾರೆಡ್ ಗನ್ ಇದ್ದರೆ ಒಳ್ಳೆಯದೇ. ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಆ ಜಾಗಕ್ಕೆ ಕಪ್ಪು ಟೇಪು ಅಂಟಿಸಿ ಅದರ ಮೇಲೆ ಹಿಡಿಯಿರಿ.

ವೈರು ಕಿತ್ತು ನೋಡುವ ಪರೀಕ್ಷೆ

ಹತ್ತು ನಿಮಿಷದ ಕೆಲಸ, ಎಲ್ಲಕ್ಕಿಂತ ಜಾಸ್ತಿ ಉಪಯೋಗ ಇರುವುದು ಇದರಿಂದಲೇ. ರೇಡಿಯೇಟರಿನ ಮೇಲಿನ ಹೋಸ್ ಹಿಡಿದುಕೊಂಡು ಎಂಜಿನ್ ಕಡೆಗೆ ಹೋಗಿ. ಅದು ಸೇರುವ ಜಾಗದ ಆಸುಪಾಸಿನಲ್ಲೇ, ಥರ್ಮೋಸ್ಟ್ಯಾಟ್ ಮುಚ್ಚಳ ಮತ್ತು ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆಯ) ಹತ್ತಿರ, ಒಂದೇ ವೈರು ಸಿಕ್ಕಿಸಿರುವ ಹಿತ್ತಾಳೆ ಸೆಂಡರ್ ಕಾಣುತ್ತದೆ. ಫ್ಯಾನಿನ ಸ್ವಿಚ್ ಬೇರೆ, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ನಿಮ್ಮದು 2000ದ ನಂತರದ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿ ಆಗಿದ್ದರೆ ಕಂಪ್ಯೂಟರಿಗೆ ಲೆಕ್ಕ ಕೊಡುವ, ಎರಡು ವೈರಿನ ಇನ್ನೊಂದು ಸೆನ್ಸರ್ ಇರುತ್ತದೆ. ಅದನ್ನು ಮುಟ್ಟಬೇಡಿ.

ಎಂಜಿನ್ ಆಫ್ ಇರಲಿ. ಸೆಂಡರಿನ ವೈರು ಕಿತ್ತು, ಎಲ್ಲಿಯೂ ತಾಗದ ಹಾಗೆ ಪಕ್ಕಕ್ಕಿಟ್ಟು, ಚಾವಿ ಆನ್ ಮಾಡಿ. ಮುಳ್ಳು ಸಿ ಮೇಲೆ ಇರಬೇಕು. ವೈರು ಕಿತ್ತ ಮೇಲೂ ಎಚ್ ಕಡೆಗೆ ಏರಿದರೆ ಸೆಂಡರಿನ ತಪ್ಪಿಲ್ಲ, ವೈರು ದಾರಿಯಲ್ಲಿ ಎಲ್ಲೋ ಬಾಡಿಗೆ ತಾಗುತ್ತಿದೆ ಅಥವಾ ಮೀಟರೇ ಹೋಗಿದೆ. ನನ್ನ ಕಾರಿನಲ್ಲಿ ಹೀಗೇ ಆಗಿತ್ತು. ಒಬ್ಬರನ್ನು ಒಳಗೆ ಕೂರಿಸಿ ಮುಳ್ಳು ನೋಡಲು ಹೇಳಿ, ನೀವು ವೈರನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಿ. "ಈಗ ಇಳೀತು, ಈಗ ಏರಿತು" ಅಂತ ಒಳಗಿಂದ ಕೂಗಿದ ಜಾಗದಲ್ಲೇ ರೋಗ ಇರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ಎಂಟು ವರ್ಷದ ಮಗಳು, ಒಂದು ಸಲವೂ ತಪ್ಪಿಲ್ಲ.

ಮುಳ್ಳು ಸಿ ಮೇಲೆ ಸುಮ್ನೆ ಕೂತಿದ್ದರೆ ಮುಂದಿನ ಹೆಜ್ಜೆ. ಕಿತ್ತ ವೈರಿನ ತುದಿಗೆ ಬಲ್ಬಿನ ಒಂದು ಕಡೆ, ಬಲ್ಬಿನ ಇನ್ನೊಂದು ಕಡೆ ಎಂಜಿನ್ನಿನ ತುಕ್ಕಿಲ್ಲದ ಬೋಲ್ಟಿಗೆ. ಚಾವಿ ಆನ್ ಮಾಡಿ ಕೆಲವು ಸೆಕೆಂಡ್ ಕಾಯಿರಿ. ಮುಳ್ಳು ಮೇಲೆ ಏರಬೇಕು. ಕೆಲವು ಮೀಟರುಗಳಲ್ಲಿ ಅದು ತೆವಳುತ್ತಾ ಹೋಗುತ್ತದೆ, ಗಾಬರಿ ಬೇಡ. ತುಂಬಾ ಜನ ಬಲ್ಬು ಇಲ್ಲದೆ ವೈರನ್ನು ನೇರ ಎಂಜಿನ್ನಿಗೆ ಮುಟ್ಟಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಹಳೆ ಮೀಟರಿನ ಒಳಗಿನ ಸಣ್ಣ ಸುರುಳಿ ಸುಟ್ಟರೆ ಹೊಸದು ಹುಡುಕುವುದು ಕಷ್ಟ. ಈ ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಬಲ್ಬು ಮಧ್ಯೆ ಇದ್ದರೆ ಕರೆಂಟಿಗೆ ಒಂದು ಮಿತಿ ಇರುತ್ತದೆ.

ಮುಳ್ಳು ಚೆನ್ನಾಗಿ ಏರಿತೇ? ಹಾಗಾದರೆ ಫ್ಯೂಸ್, ಮೀಟರ್, ವೈರು ಎಲ್ಲವೂ ಸರಿ ಇವೆ, ಉಳಿದದ್ದು ಸೆಂಡರ್ ಅಥವಾ ಅದರ ಅರ್ತ್. ಏರಲೇ ಇಲ್ಲವೇ? ಪೆಟ್ರೋಲ್ ಮುಳ್ಳು ನೋಡಿ. ಅದೂ ಸತ್ತಿದ್ದರೆ ಮೀಟರಿಗೆ ಕರೆಂಟೇ ಬರುತ್ತಿಲ್ಲ, ಫ್ಯೂಸ್ ತೆಗೆದು ಎರಡೂ ತುದಿ ಉಜ್ಜಿ ಹಾಕಿ. ಹಳೆ ಗಾಡಿಯಲ್ಲಿ ಫ್ಯೂಸ್ ಸುಟ್ಟಿರುವುದಕ್ಕಿಂತ ಅದು ಕೂರುವ ಹಿಡಿಗೆ ಕಿಲುಬು ಹಿಡಿದಿರುವುದೇ ಜಾಸ್ತಿ. ಪೆಟ್ರೋಲ್ ಮುಳ್ಳು ಸರಿ ಇದ್ದು ಇದೊಂದೇ ಸತ್ತಿದ್ದರೆ ವೈರು ತುಂಡಾಗಿದೆ ಅಥವಾ ಮೀಟರ್ ಹೋಗಿದೆ.

ಸೆಂಡರನ್ನು ಬಿಸಿನೀರಿಗೆ ಇಳಿಸುವುದು

ಬಿಚ್ಚುವ ಮುಂಚೆ ಅರ್ತ್ ನೋಡಿ. ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಒಂದು ಕಡ್ಡಿ ಸೆಂಡರಿನ ಹಿತ್ತಾಳೆ ಮೈಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ಬ್ಯಾಟರಿಯಿಂದ ಬಾಡಿಗೆ, ಗೇರ್‌ಬಾಕ್ಸಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ ಬಿಗಿ ಮಾಡಿ. ಯಾರೋ ಹಿಂದೆ ಸೋರದಿರಲಿ ಅಂತ ಸೆಂಡರಿನ ಮರೆಗೆ (ತಿರುಪಿನ ಎಳೆಗೆ) ದಪ್ಪಗೆ ಪ್ಲಂಬಿಂಗ್ ಟೇಪು ಸುತ್ತಿಟ್ಟಿದ್ದರೆ ಅದರಿಂದಲೂ ಅರ್ತ್ ಹಾಳಾಗುತ್ತದೆ.

ಈಗ ತಣ್ಣನೆ ಎಂಜಿನ್ನಿನಿಂದ ಸೆಂಡರ್ ಬಿಚ್ಚಿ. ಸ್ವಲ್ಪ ಕೂಲಂಟ್ (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಸುರಿಯುತ್ತದೆ, ಕೆಳಗೆ ಪಾತ್ರೆ ಇಡಿ, ತೂತಿಗೆ ಬಟ್ಟೆ ತುರುಕಿ. ಸುರಿದದ್ದನ್ನು ಹಾಗೇ ಬಿಡಬೇಡಿ. ಕೂಲಂಟ್ ವಿಷ, ರುಚಿ ಸಿಹಿ. ಬೀದಿ ನಾಯಿಗಳು ನೆಕ್ಕಿ ಸಾಯುತ್ತವೆ. ನೀರು ಹಾಕಿ ಸುಮ್ನೆ ಹರಡಬೇಡಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಿರಿ. ಕಾಯಿಸುವ ಪಾತ್ರೆಯನ್ನೂ ಮತ್ತೆ ಅಡುಗೆಗೆ ತರಬೇಡಿ.

ಸೆಂಡರಿನ ತುದಿ ನೋಡಿ. ನಮ್ಮ ಕಡೆ ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸ ಇದೆ, ಆ ಗಡಸು ನೀರಿನ ಸುಣ್ಣ ತುದಿಗೆ ಕಟ್ಟಿಕೊಂಡು ಬಿಸಿ ಒಳಗೆ ತಲುಪುವುದೇ ನಿಧಾನವಾಗುತ್ತದೆ. ನನ್ನ ಸೆಂಡರಿನ ಮೇಲೆ ಸ್ನಾನದ ಮನೆಯ ಗೀಸರ್ ಕಾಯಿಲಿನ ಮೇಲಿರುತ್ತದಲ್ಲ, ಅದೇ ಥರದ ಬಿಳಿ ಪದರ ಇತ್ತು. ನಿಂಬೆ ರಸದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿದರೆ ಹೋಯಿತು.

ಸೆಂಡರನ್ನು ಪಾತ್ರೆಯ ತಳಕ್ಕೆ ತಾಗದ ಹಾಗೆ ನೀರಿನಲ್ಲಿ ತೂಗುಬಿಡಿ. ಹಿತ್ತಾಳೆ ಭಾಗ ಮುಳುಗಲಿ, ವೈರು ಸಿಕ್ಕಿಸುವ ತುದಿ ಮೇಲಿರಲಿ. ಥರ್ಮಾಮೀಟರನ್ನು ಅದರ ಪಕ್ಕದಲ್ಲೇ ಇಳಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಮೇಲಿನ ತುದಿಗೆ, ಇನ್ನೊಂದು ಹಿತ್ತಾಳೆ ಮೈಗೆ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿ. ಆ ಕಾಲದ ಸುಝುಕಿ ಸೆಂಡರುಗಳಲ್ಲಿ 50 ಡಿಗ್ರಿಗೆ ಸುಮಾರು 135ರಿಂದ 180 ಓಮ್, 80 ಡಿಗ್ರಿಗೆ 50ರ ಆಸುಪಾಸು, 100ಕ್ಕೆ 30ರ ಒಳಗೆ ಬರುತ್ತದೆ. ನನ್ನದು ಸುಣ್ಣ ತೆಗೆದ ಮೇಲೆ 80ರಲ್ಲಿ 52 ತೋರಿಸಿತು, ನೀರು ಕುದಿಯುವಾಗ 31. ಹಾಸನ, ಬೆಂಗಳೂರಿನಂಥ ಎತ್ತರದ ಊರುಗಳಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಲೆಕ್ಕ ಸರಿಯಾಗಿಯೇ ಇದೆ. ಮಂಗಳೂರಿನಲ್ಲಾದರೆ 100. ಅಂಕಿ ಒಂದೆರಡು ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಬಿಸಿ ಏರಿದಂತೆ ಓಮ್ ಒಂದೇ ಸಮನೆ ಇಳಿಯುತ್ತಾ ಹೋಗಬೇಕು, ಅದು ಮುಖ್ಯ. ನಡುವೆ ಎಗರಿದರೆ, ಅಲ್ಲಾಡಿಸಿದಾಗ ಬದಲಾದರೆ, ಅಥವಾ ಏನೂ ತೋರಿಸದಿದ್ದರೆ ಸೆಂಡರ್ ಹೋಗಿದೆ.

ಹೊಸದು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಬೆಂಗಳೂರಿನ ಜೆ.ಸಿ. ರಸ್ತೆಯಾದರೂ ಸರಿ, ನಿಮ್ಮೂರಿನ ಸ್ಪೇರ್ಸ್ ಅಂಗಡಿಯಾದರೂ ಸರಿ. ಮರೆ ಸರಿಯಾಗಿ ಕೂತರೆ ಸಾಲದು. ಬೇರೆ ಗಾಡಿಯ ಸೆಂಡರ್ ಸಲೀಸಾಗಿ ತಿರುಗಿ ಕೂರುತ್ತದೆ, ಆದರೆ ಓಮ್ ಲೆಕ್ಕ ಬೇರೆ ಇದ್ದರೆ ಮುಳ್ಳು ಜೀವನಪೂರ್ತಿ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಮನೆಗೆ ತಂದು ಅದನ್ನೂ ಇದೇ ಬಿಸಿನೀರಿಗೆ ಇಳಿಸಿ, ಆಮೇಲೆ ಹಾಕಿ.

ಎಲ್ಲ ಸರಿ ಇದೆ, ಮುಳ್ಳು ಮಾತ್ರ ಏಳುವುದಿಲ್ಲ

ಈ ದೂರು ನಾನು ಜಾಸ್ತಿ ಕೇಳಿದ್ದೇನೆ. ಮೀಟರ್, ವೈರು, ಸೆಂಡರ್ ಮೂರೂ ಪಾಸು, ಆದರೂ ಮುಳ್ಳು ಸಿ ಪಕ್ಕದಲ್ಲೇ. ಬಹಳ ಸಲ ಕಾರಣ ಥರ್ಮೋಸ್ಟ್ಯಾಟ್. ನಮ್ಮ ದೇಶದ ಬಿಸಿಲಿಗೆ ಅದು ಬೇಡ ಅಂತ ಎಷ್ಟೋ ಮೆಕ್ಯಾನಿಕ್‌ಗಳು ತೆಗೆದು ಬಿಸಾಕುತ್ತಾರೆ, ಇದು ದೊಡ್ಡ ತಪ್ಪು. ಎಂಜಿನ್ ಬೇಗ ಬಿಸಿಯಾಗಲಿ ಅಂತಲೇ ಅದನ್ನು ಇಟ್ಟಿರುವುದು. ಎಂಜಿನ್ ಸದಾ ತಣ್ಣಗೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಮುಚ್ಚಳ ಬಿಚ್ಚಿ ಒಳಗೆ ಥರ್ಮೋಸ್ಟ್ಯಾಟ್ ಇದೆಯಾ ನೋಡಿ. ಇದ್ದರೆ ಅದರ ಬಾಯಿಗೆ ಒಂದು ದಾರದ ತುದಿ ಸಿಕ್ಕಿಸಿ, ಅದೇ ದಾರದಿಂದ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ. ಬಾಯಿ ತೆರೆದ ಕ್ಷಣ ದಾರ ಬಿಟ್ಟುಕೊಂಡು ಅದು ತಳಕ್ಕೆ ಬೀಳುತ್ತದೆ. ಆಗ ಥರ್ಮಾಮೀಟರ್ ಎಷ್ಟು ತೋರಿಸುತ್ತಿತ್ತೋ ಅದು ಅದರ ಮೇಲೆ ಕೊರೆದ ಅಂಕಿಗೆ, ಸಾಮಾನ್ಯವಾಗಿ 82ಕ್ಕೆ, ಹತ್ತಿರ ಇರಬೇಕು. ತಣ್ಣಗಿರುವಾಗಲೇ ಬಾಯಿ ತೆರೆದುಕೊಂಡಿದ್ದರೆ ದಾರ ನಿಲ್ಲುವುದೇ ಇಲ್ಲ, ಬದಲಾಯಿಸಿ.

ಮೀಟರೇ ಕೆಟ್ಟಿದ್ದರೆ

ಮೀಟರಿನ ಚೌಕಟ್ಟು ಹೊರಗೆ ತೆಗೆಯುವ ಮುಂಚೆ ಬ್ಯಾಟರಿ ನೆಗೆಟಿವ್ ಕಳಚಿ. ಹಿಂದೆ ಸಿಕ್ಕಿಸಿರುವ ಕನೆಕ್ಟರುಗಳನ್ನು ಎಳೆದು ಹರಿಯಬೇಡಿ, ಹಳೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಮೀಟರಿನ ಹಿಂದಿನ ಸಣ್ಣ ನಟ್ಟುಗಳು ಸಡಿಲವಾಗಿ ಕರೆಂಟು ಬಿಟ್ಟು ಬಿಟ್ಟು ಬರುವುದು ತುಂಬಾ ಸಾಮಾನ್ಯ. ಅವನ್ನು ಹಗುರಕ್ಕೆ ಬಿಗಿ ಮಾಡಿ, ಕನೆಕ್ಟರಿನ ಪಿನ್ನುಗಳನ್ನು ಒರೆಸಿ ಮತ್ತೆ ಹಾಕಿದರೆ ಎಷ್ಟೋ ಮೀಟರುಗಳು ಎದ್ದು ಕೂರುತ್ತವೆ. ಅದಾಗದಿದ್ದರೆ ಗುಜರಿಯಲ್ಲಿ ಹಳೆಯ ಮೀಟರ್ ಹುಡುಕಿ, ಬೆಂಗಳೂರಿನವರಿಗೆ ಶಿವಾಜಿನಗರ ಇದ್ದೇ ಇದೆ.

ಅದಕ್ಕೂ ಹಳೆಯ ಗಾಡಿ ಇಟ್ಟುಕೊಂಡವರಿಗೆ ಎರಡು ಮಾತು. ಮೀಟರುಗಳಿಗೆ ಒಂದೇ ಸಮನಾದ ಕರೆಂಟು ಕೊಡಲು ವೋಲ್ಟೇಜ್ ಸ್ಟೆಬಿಲೈಸರ್ ಡಬ್ಬಿ ಇರುವ ಗಾಡಿಗಳಲ್ಲಿ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಜಾಸ್ತಿ ತೋರಿಸಿದರೆ ಮೊದಲು ಆ ಡಬ್ಬಿಯನ್ನು ನೋಡಿ. ಮೀಟರಿನಿಂದ ಎಂಜಿನ್ನಿಗೆ ವೈರಿನ ಬದಲು ಸಣ್ಣ ಲೋಹದ ನಳಿಗೆ ಹೋಗಿದ್ದರೆ ಮೇಲೆ ಹೇಳಿದ ಯಾವ ಪರೀಕ್ಷೆಯೂ ಅದಕ್ಕೆ ಸಲ್ಲುವುದಿಲ್ಲ. ಅದರಲ್ಲಿ ಕರೆಂಟೇ ಇಲ್ಲ, ನಳಿಗೆಯ ಒಳಗಿನ ದ್ರವದ ಒತ್ತಡದಿಂದ ಮುಳ್ಳು ಏಳುತ್ತದೆ. ಆ ನಳಿಗೆಯನ್ನು ಮಡಚಬೇಡಿ, ಕತ್ತರಿಸಬೇಡಿ.

ವಾಪಸ್ ಹಾಕುವಾಗ

ಸೆಂಡರನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಅಳತೆಯಾಗಿ ಬಿಗಿ ಮಾಡಿ, ಅಲ್ಯೂಮಿನಿಯಂ ಮರೆ ಬೇಗ ಕಿತ್ತು ಬರುತ್ತದೆ. ತಯಾರಾದ ಕೂಲಂಟ್ ಅಥವಾ ಡಿಸ್ಟಿಲ್ಡ್ ನೀರಿಗೆ ಬೆರೆಸಿದ ಕೂಲಂಟನ್ನೇ ತುಂಬಿ. ಹೀಟರನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆಗೆದೇ ಇಟ್ಟು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ. ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ, ಇಳಿದಷ್ಟೂ ತುಂಬಿಸಿ. ಬಾಗಿ ಇಣುಕಬೇಡಿ, ಮುಖ ದೂರ ಇರಲಿ. ಮೇಲಿನ ಹೋಸ್ ಇದ್ದಕ್ಕಿದ್ದ ಹಾಗೆ ಬಿಸಿಯಾದರೆ ಥರ್ಮೋಸ್ಟ್ಯಾಟ್ ತೆರೆಯಿತು ಅಂತ ಅರ್ಥ. ಎಂಜಿನ್ ಆಫ್ ಮಾಡಿ, ಮಟ್ಟ ಸರಿ ಮಾಡಿ, ಮುಚ್ಚಳ ಹಾಕಿ. ಮಾರನೆಯ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ನಾನು ಸೆಂಡರ್ ಕೂರಿಸುವ ಮುಂಚೆ ಇನ್ನೊಂದು ಕೆಲಸ ಮಾಡಿದೆ, ಸಮಯ ಇದ್ದರೆ ನೀವೂ ಮಾಡಿ. ಕ್ಲಿಪ್ ವೈರಿನಿಂದ ಸೆಂಡರಿನ ಮೈಯನ್ನು ಬ್ಯಾಟರಿ ನೆಗೆಟಿವ್‌ಗೆ, ತುದಿಯನ್ನು ಕಾರಿನ ವೈರಿಗೆ ಜೋಡಿಸಿ, ಸೆಂಡರನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಚಾವಿ ಆನ್ ಮಾಡಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿದೆ. 80 ಡಿಗ್ರಿಗೆ ಮಧ್ಯಕ್ಕಿಂತ ಸ್ವಲ್ಪ ಕೆಳಗೆ, 97ಕ್ಕೆ ಮಧ್ಯಕ್ಕಿಂತ ಒಂದು ಕಡ್ಡಿಯಷ್ಟು ಮೇಲೆ. ಎರಡೂ ಜಾಗದಲ್ಲಿ ಮೀಟರ್ ಗಾಜಿನ ಮೇಲೆ ಕೂದಲೆಳೆಯಷ್ಟು ಸಣ್ಣ ಟೇಪು ಅಂಟಿಸಿದ್ದೇನೆ. ಈಗ ಶಿರಾಡಿ ಹತ್ತುವಾಗ ಮುಳ್ಳು ಮೇಲಿನ ಟೇಪಿಗೆ ತಾಗಿದರೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸುತ್ತೇನೆ.